ಐದು ಸಾಲಿನ ಕಾರ್ಡು

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರುಮನೆಯ ಇಸ್ತ್ರಿಯವನ ಪೆಟ್ಟಿಗೆಯೊಳಗಿನ ಕೆಂಡ ಕಾಣುತ್ತಿತ್ತು, ಇಸ್ತ್ರಿಯವನು ಕಾಣುತ್ತಿರಲಿಲ್ಲ. ಬೀದಿಯಲ್ಲಿ ಕೆಮ್ಮು ಕೇಳಿದರೆ ಯಾರೋ ಹಾದುಹೋದರೆಂದು ತಿಳಿಯಬೇಕು, ಅಷ್ಟೆ. ಇಂಥ ದಿನ ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತದೆ, ಕಿವಿಯ ಕೆಲಸವನ್ನು ಅನುಮಾನ ಮಾಡುತ್ತದೆ.

ಇಸ್ತ್ರಿಯವನ ಎದುರಿನ ಈ ಮನೆಯಲ್ಲಿ ಇಬ್ಬರು ಹೆಂಗಸರು, ಒಂದು ಹೊಲಿಗೆ ಮಿಷನ್ನು. ಅತ್ತೆ ಮೂವತ್ತು ವರ್ಷ ತುಳಿದ ಮಿಷನ್ನು ಅದು. ಮಂಡಿ ಹಿಡಿದುಕೊಂಡ ಮೇಲೆ ಸೊಸೆಗೆ ಬಿಟ್ಟುಕೊಟ್ಟು, ತಾನು ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಬೆಂಚಿನ ಮೇಲೆ ಕೂರುತ್ತಿದ್ದಳು. ಮಗ ಲಾರಿ ಓಡಿಸುವವನು. ಇಪ್ಪತ್ತು ದಿನಕ್ಕೊಮ್ಮೆ ಬರುತ್ತಿದ್ದ, ಮೂರು ದಿನ ಇರುತ್ತಿದ್ದ, ಹೊರಡುವಾಗ ಇಬ್ಬರಿಗೂ ಒಂದೇ ಮಾತು ಹೇಳುತ್ತಿದ್ದ: "ಜಗಳ ಆಡ್ಬೇಡಿ." ಅವರು ಜಗಳ ಆಡುತ್ತಿರಲಿಲ್ಲ. ಜಗಳ ಆಡಬೇಕಾದರೆ ಮಾತು ಬೇಕು.

ಅತ್ತೆ ದೈವಭಕ್ತೆ. ದಿನಾ ಬೆಳಿಗ್ಗೆ ಕಾಲುಗಂಟೆ ಗೋಡೆಗೆ ಮುಖಮಾಡಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಹಿಂದಿನಿಂದ ಗುಂಡಿ ಡಬ್ಬಿಯ ಮುಚ್ಚಳ ಟಕ್ ಎನ್ನುತ್ತಿತ್ತು. ನಾಲ್ಕು ತಿಂಗಳಿಂದ ಎನ್ನುತ್ತಿತ್ತು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಕೆಲಸಕ್ಕೆ ಕೂರುವ ಮೊದಲೇ ಇವಳಿಗೆ ಗುಂಡಿ ಯಾಕೆ ಬೇಕು ಎಂದು ಅತ್ತೆ ಪ್ರಾರ್ಥನೆಯ ನಡುವೆ ಯೋಚಿಸುತ್ತಿದ್ದಳು. ಆಮೇಲೆ ದೇವರ ಕ್ಷಮೆ ಕೇಳುತ್ತಿದ್ದಳು. ಮರುದಿನ ಮತ್ತೆ ಯೋಚಿಸುತ್ತಿದ್ದಳು. ಆದರೆ ಕೇಳಲಿಲ್ಲ. ಕೇಳಿದರೆ ಸುಳ್ಳು ಬರುತ್ತದೆ, ಕಾದರೆ ನಿಜ ತಾನಾಗಿ ಬರುತ್ತದೆ ಎಂಬುದು ಅವಳ ನಂಬಿಕೆ.

ಅದು ಸೊಸೆಯ ಉಳಿಕೆ ಗುಂಡಿಗಳ ಡಬ್ಬಿ, ಅತ್ತೆ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಗುಂಡಿಗಳ ಅಡಿಯಲ್ಲಿ ಇದ್ದದ್ದು ಒಂದು ಬಿಳಿ ಶೀಶೆ. ನಾಲ್ಕು ತಿಂಗಳ ಹಿಂದೆ ಗಂಡನ ಅಂಗಿ ಒಗೆಯುವಾಗ ಸೊಸೆಯ ಹೆಬ್ಬೆರಳು ಮೂರನೆಯ ಗುಂಡಿಯ ಮೇಲೆ ನಿಂತಿತ್ತು. ಆ ಮನೆಯಲ್ಲಿ ಗುಂಡಿ ಹಚ್ಚುವುದಕ್ಕೆ ಒಂದೇ ಕ್ರಮ, ಅತ್ತೆ ಕಲಿಸಿದ್ದು: ನಾಲ್ಕು ತೂತಿಗೆ ಎರಡು ನೇರ ಗೆರೆ, ಕೆಳಗೆ ಮೂರು ಸುತ್ತು, ಗಂಟು ಒಳಗೆ. ಆ ಗುಂಡಿಯ ನೂಲು ಅಡ್ಡಡ್ಡ ಹಾದುಹೋಗಿತ್ತು. ಅದು ಬೇರೆ ಕೈ. ದಾರಿಯ ದರ್ಜಿಯ ಕೈಯೂ ಇರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಒಂದು ರಾತ್ರಿಗೂ ಸಾಲಲಿಲ್ಲ. ಗಂಡನೊಡನೆ ನಿರೋಧ್ ಬಳಸುವ ಮಾತೆತ್ತಿದ್ದಕ್ಕೆ ಅವನು ನಕ್ಕು, "ನಾನೇನು ಹೊರಗಿನವನಾ?" ಎಂದಿದ್ದ. ಮುಂದಿನ ವಾರ ಅವಳು ಬಸ್ಸು ಹತ್ತಿ ಪಕ್ಕದೂರಿನ ಆಸ್ಪತ್ರೆಗೆ ಹೋದಳು. ರಕ್ತ ಪರೀಕ್ಷೆ ಮಾಡಿದರು, ಏನೂ ಇಲ್ಲ ಎಂದರು. ಅಲ್ಲಿಯ ನರ್ಸು ಶೀಶೆ ಕೈಗಿಟ್ಟು, "ಇದು ಬಂದೋರಿಗೆ ಅಲ್ಲ, ಬರದ ಹಾಗೆ ತಡೆಯೋಕೆ. ದಿನಕ್ಕೊಂದು. ಅವನು ಬರೋ ದಿನ ಮಾತ್ರ ನುಂಗ್ತೀನಿ ಅಂದ್ರೆ ಸಾಲಲ್ಲ, ತಪ್ಪಿಸಬೇಡ," ಎಂದಳು. ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಆ ಶೀಶೆ ಅತ್ತೆಯ ಕಣ್ಣಿಗೆ ಬಿದ್ದರೆ ಗಂಡನ ಕಿವಿಗೆ ಬಿದ್ದಂತೆ, ಗಂಡನ ಕಿವಿಗೆ ಬಿದ್ದರೆ ತನಗೆ ಈ ಮನೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಮಂಜಿನ ಬೆಳಿಗ್ಗೆಯ ಮರುದಿನ ಮಧ್ಯಾಹ್ನ ಅವನು ಬರುವವನಿದ್ದ.

ಮಂಜಿನೊಳಗಿಂದ ಬಾಗಿಲು ಬಡಿದ ಸದ್ದು ಬಂತು.

"ಯಾರು?" ಎಂದಳು ಅತ್ತೆ.

"ಲೆಕ್ಕಕ್ಕೆ ಬಂದಿದೀನಿ ಅಮ್ಮ."

"ಯಾವ ಲೆಕ್ಕ? ಜನದ್ದಾಯ್ತು, ದನದ್ದಾಯ್ತು. ಈಗ ಮಂಜಿನ ಲೆಕ್ಕನಾ?"

ಬಂದವಳು ಹೆಗಲಿಗೆ ಚೀಲ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನಡುವಯಸ್ಸಿನ ಹೆಂಗಸು. ಎರಡು ದಿನದಿಂದ ಬೀದಿಯಲ್ಲಿ ತಿರುಗುತ್ತಿದ್ದ ಅವಳಿಗೆ ಆಗಲೇ ಕಾರ್ಡಕ್ಕ ಎಂದು ಹೆಸರು ಬಿದ್ದಿತ್ತು. "ಎಚ್‌ಐವಿ ಬರದ ಹಾಗೆ ಜನ ಏನೇನು ಎಚ್ಚರ ತಗೊಳ್ತಿದಾರೆ, ಎಷ್ಟು ಜನ ತಗೊಳ್ತಿದಾರೆ ಅಂತ ಅಳೀತಾ ಇದೀವಿ," ಎಂದಳು.

"ನಮ್ಮನೇಲಿ ಅದು ಯಾರಿಗೂ ಇಲ್ಲ."

"ಇದೆಯಾ ಅಂತ ಕೇಳಕ್ಕೆ ಬಂದಿಲ್ಲ ಅಮ್ಮ. ಇಲ್ಲದೋರನ್ನೇ ಹೆಚ್ಚು ಕೇಳೋದು."

"ಹಾಗಾದ್ರೆ ನಮ್ಮ ಬಾಗಿಲೇ ಯಾಕೆ?"

"ಪ್ರತಿ ಮೂರನೇ ಬಾಗಿಲು. ಎಣಿಸಿಕೊಂಡು ಬಂದೆ."

"ಬೀದೀಲಿ ಇಷ್ಟು ಮನೆ ಇದ್ದೂ ಮೂರು ಅನ್ನೋದು ನಮ್ಮ ಹೊಸ್ತಿಲಿಗೇ ಬಂದು ನಿಲ್ತಾ?" ಎಂದಳು ಅತ್ತೆ. ಆದರೂ ಬಾಗಿಲು ಪೂರ್ತಿ ತೆರೆದಳು. ಅನುಮಾನ ಇರುವವರು ಬಂದವರನ್ನು ಹೊರಗೆ ನಿಲ್ಲಿಸುವುದಿಲ್ಲ. ಒಳಗೆ ಕೂರಿಸಿ ನೋಡುತ್ತಾರೆ.

ಮೊದಲು ಸೊಸೆಯನ್ನು ಕೇಳುವುದು, ಬೇರೆ ಯಾರೂ ಜೊತೆಗಿರಬಾರದು ಎಂದಳು ಕಾರ್ಡಕ್ಕ. ಅತ್ತೆ ಅಡುಗೆಮನೆಗೆ ಎದ್ದುಹೋದಳು. ನಡುವೆ ಇದ್ದದ್ದು ಒಂದು ಪರದೆ, ಅವಳೇ ಹೊಲಿದದ್ದು. ಒಲೆಯ ಮೇಲಿನ ಪಾತ್ರೆಯನ್ನು ಸದ್ದಿಲ್ಲದೆ ಇಳಿಸಿ ಪರದೆಯ ಸಂದಿಗೆ ಬಂದು ನಿಂತಳು.

ಕಾರ್ಡಕ್ಕ ಚೀಲದಿಂದ ಅಂಟಿಸಿದ ಲಕೋಟೆಗಳ ಕಟ್ಟು ತೆಗೆದು, ಎಲ್ಲಕ್ಕಿಂತ ಮೇಲಿದ್ದುದನ್ನು ಹರಿದು, ಒಂದು ಕಾರ್ಡು ಕೊಟ್ಟಳು. ತಗ್ಗಿದ ದನಿಯಲ್ಲಿ ಹೇಳಿದಳು: "ಓದ್ಕೊಳಮ್ಮ, ಬಾಯಿಬಿಟ್ಟು ಓದ್ಬೇಡ. ಆರು ತಿಂಗಳಲ್ಲಿ ಇದರಲ್ಲಿ ಎಷ್ಟು ಮಾಡಿದೀಯ, ಅಷ್ಟು ಮಾತ್ರ ಹೇಳು. ಯಾವುದು ಅಂತ ನನಗೂ ಹೇಳ್ಬೇಡ. ಎರಡು ಅಂದ್ರೆ ಯಾವೆರಡು ಅಂತ ದೇವರಿಗೇ ಗೊತ್ತು."

ಸೊಸೆ ಕಾರ್ಡಿನ ಮೇಲೆ ಬೆರಳಿಟ್ಟು ಓದಿದಳು. ಬಸ್ಸಿನಲ್ಲಿ ಬೇರೆ ಊರಿಗೆ ಹೋಗಿದ್ದೆ. ಹೌದು, ಆಸ್ಪತ್ರೆಗೆ. ತಲೆನೋವಿಗೆ ಮಾತ್ರೆ ನುಂಗಿದ್ದೆ. ಹೌದು. ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಅಕ್ಕನ ಬಾಣಂತನಕ್ಕೆ ಹೋಗಿದ್ದುಂಟು. ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ ನುಂಗಿದ್ದೆ. ಬೆರಳು ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿದ್ದೆ. ಅದೂ ಹೌದು, ಆಸ್ಪತ್ರೆಯ ಪುಸ್ತಕಕ್ಕೆ ಅಂಟಿಸಲು ಬೇಕಾಗಿತ್ತು.

ಹೊಲಿಯುವವರಿಗೆ ಒಂದು ಅಭ್ಯಾಸ. ಟೇಪು ತೋರಿಸಿದ್ದನ್ನು ಬಾಯಿ ತಾನಾಗಿ ಹೇಳಿಬಿಡುತ್ತದೆ. ಎದೆ ಮೂವತ್ತಾರು, ತೋಳು ಇಪ್ಪತ್ತೆರಡು ಎಂದ ಹಾಗೆಯೇ ಅವಳು ಅಂದಳು: "ಐದು."

ಅಂದ ಮೇಲೆ ಗೊತ್ತಾಯಿತು. ಎರಡು ಎಂದರೆ ಯಾವೆರಡೋ, ನಾಲ್ಕು ಎಂದರೆ ಯಾವ ನಾಲ್ಕೋ. ಐದರಲ್ಲಿ ಐದು ಎಂದ ಮೇಲೆ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಕಾರ್ಡಕ್ಕನ ಪೆನ್ನು ಕಾಗದದ ಮೇಲೆ ಅರೆಗಳಿಗೆ ತಡೆಯಿತು. ಸ್ಟುಡಿಯೋ ಫೋಟೋ ಈಗ ಯಾರೂ ತೆಗೆಸುವುದಿಲ್ಲ, ಆದ್ದರಿಂದ ಎಲ್ಲಕ್ಕೂ ಹೌದು ಎನ್ನುವವರು ಸಿಗುವುದಿಲ್ಲ ಎಂದು ಮೇಲಿನವರು ಆ ಸಾಲನ್ನು ಬೇಕೆಂದೇ ಸೇರಿಸಿದ್ದರು. ಅವಳು ತಲೆ ಎತ್ತದೆ ಅಂಕಿ ಬರೆದು, ಕಾರ್ಡನ್ನು ಹಿಂದಕ್ಕೆ ತೆಗೆದುಕೊಂಡು, ತುಸು ಗಟ್ಟಿಯಾಗಿ, "ಕುಡಿಯೋಕೆ ನೀರು ಕೊಡ್ತೀಯಾ ತಾಯಿ?" ಎಂದಳು. ಪರದೆಯ ಆಚೆಯಿಂದ ನೀರು ತಂದುಕೊಟ್ಟವಳು ಅತ್ತೆ.

"ನಿಮ್ಮದೂ ಕೇಳ್ಬೇಕು ಅಮ್ಮ."

"ನಂದು ನಾಳೆ. ಇವತ್ತು ತಲೆನೋವು," ಎಂದಳು ಅತ್ತೆ.

ಮಧ್ಯಾಹ್ನ ಮಂಜು ಹರಿಯಿತು, ಮಾತು ಕವಿಯಿತು. ಮೂಲೆಮನೆಯ ಹೆಂಗಸು ಬಂದಳು. ಬೀದಿಯವರು ಅವಳನ್ನು ರೇಡಿಯೋ ಎನ್ನುತ್ತಿದ್ದರು. ರೇಡಿಯೋವಾದರೂ ಕಿವಿ ಹಿಂಡಿದರೆ ನಿಲ್ಲುತ್ತದೆ ಎಂದು ಇಸ್ತ್ರಿಯವನ ತಕರಾರು. ಸೊಸೆ ಅಳತೆ ತರಲು ಗಿರಾಕಿಯೊಬ್ಬಳ ಮನೆಗೆ ಹೋಗಿದ್ದಳು.

"ಅಕ್ಕಾ, ವಿಷಯ ಗೊತ್ತಾಯ್ತಾ? ಕಾರ್ಡು ಎಲ್ಲರಿಗೂ ಒಂದೇ ಅಲ್ಲ. ನಂದರಲ್ಲಿ ನಾಲ್ಕು ಸಾಲು. ಇಸ್ತ್ರಿಯವನ ಹೆಂಡತೀದರಲ್ಲಿ ಐದು. ಅಕ್ಕಪಕ್ಕ ಇಟ್ಟು ನೋಡಿದಂಗೆ ಬಾಯಲ್ಲೇ ಹೇಳಿ ಹೇಳಿ ನೋಡಿದ್ವಿ. ಬಸ್ಸು, ತಲೆನೋವು, ನೆಂಟರು, ಫೋಟೋ, ಇಷ್ಟೂ ಇಬ್ಬರಿಗೂ ಇದೆ. ಅವಳದಕ್ಕೆ ಮಾತ್ರ ಆ ಕಾಯಿಲೆ ಮಾತ್ರೇದೊಂದು ಜಾಸ್ತಿ. ಅಂದ್ರೆ ಏನು? ಯಾರ ಮೇಲೆ ಗುಮಾನಿ ಇದೆಯೋ ಅವರಿಗೆ ಐದು."

"ಲಕೋಟೆ ಅಂಟಿಸಿತ್ತಲ್ಲೇ. ಮೇಲಿಂದ ಒಂದೊಂದೇ ತೆಗೆದ್ಲು."

"ಅಂಟಿಸೋಕೆ ಎಷ್ಟೊತ್ತು? ಮೊದಲೇ ಹೆಸರು ನೋಡಿ ಜೋಡಿಸಿರ್ತಾರೆ. ಇಸ್ತ್ರಿಯವನ ಹತ್ರ ಬಟ್ಟೆ ಕೊಡೋಕೆ ಈಗ ಇಬ್ಬರು ಹಿಂದೆಮುಂದೆ ನೋಡಿದ್ರು, ಕಣ್ಣಾರೆ ಕಂಡೆ." ರೇಡಿಯೋ ದನಿ ಇಳಿಸಿದಳು. "ನಿಮ್ಮ ಸೊಸೇದು ಎಷ್ಟು ಸಾಲು? ಎಷ್ಟು ಅಂದ್ಲು?"

"ನಂಗೆ ಕಿವಿ ಮಂದ ಕಣೇ," ಎಂದಳು ಅತ್ತೆ.

"ಯಾವಾಗಿಂದ?"

"ನೀನು ಬಂದಾಗಿಂದ."

ಅವಳು ಹೋದ ಮೇಲೆ ಅತ್ತೆ ಬೆಂಚಿನ ಮೇಲೆ ಕೂತು ಬೆರಳು ಮಡಿಸಿದಳು. ಬಸ್ಸಿಗೆ ಹೋಗಿದ್ದಾಳೆ, ಒಂದು. ತಲೆನೋವು ಇಲ್ಲದ ವಾರವಿಲ್ಲ, ಎರಡು. ಅಕ್ಕನ ಮನೆ ಮೂರು. ಫೋಟೋ, ಗುರುತಿನ ಕಾಗದಕ್ಕೆ ಎಂದಿದ್ದಳು, ನಾಲ್ಕು. ಪರದೆಯ ಆಚೆಗೆ ಕೇಳಿದ್ದು ಐದು. ಮಡಿಸದೆ ಉಳಿದ ಹೆಬ್ಬೆರಳನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಗುಂಡಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು.

ಗುಂಡಿಗಳ ಜೊತೆ ಬಿಳಿ ಶೀಶೆ ಉರುಳಿ ಬಂತು. ಇಂಥದೇ ಶೀಶೆ ಅವಳಿಗೆ ಗೊತ್ತಿತ್ತು. ಹದಿನೇಳು ವರ್ಷದ ಹಿಂದೆ ಲಾರಿ ಓಡಿಸುತ್ತಿದ್ದ ಗಂಡ, ಕೋಲಾಗಿ ಮಲಗಿದವನು, ಇಂಥದೇ ಶೀಶೆಯಿಂದ ನುಂಗುತ್ತಿದ್ದ. ತಡವಾಗಿತ್ತು, ಉಳಿಯಲಿಲ್ಲ. ಬೀದಿಗೆ ಕಾಮಾಲೆ ಎಂದು ಹೇಳಿದಳು, ಮಗನಿಗೂ ಅದನ್ನೇ ಹೇಳಿದಳು. ಹೇಳಿದ ಸುಳ್ಳನ್ನು ದಿನಾ ಬೆಳಿಗ್ಗೆ ದೇವರಿಗೆ ಒಪ್ಪಿಸುತ್ತಿದ್ದಳು. ಈಗ ಅದೇ ಶೀಶೆ ಸೊಸೆಯ ಡಬ್ಬಿಯಲ್ಲಿ. ಎಲ್ಲಿಂದ ತಂದಳು ಈ ಕಾಯಿಲೆಯನ್ನು? ಯಾರಿಂದ? ನಾಳೆ ಬರುವ ನನ್ನ ಮಗನಿಗೆ ಹಂಚಲು ಕೂತಿದ್ದಾಳೆಯೆ? ಅವಳು ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿ, ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಗೋಡೆಗೆ ಮುಖಮಾಡಿ ಕೂತಳು. ಮುಚ್ಚಳ ಟಕ್ ಎಂದಿತು. ಆಮೇಲೆ ಗುಂಡಿಗಳನ್ನು ಕೈಯಾಡಿಸಿದ ಸದ್ದು ಬಂತು. ನಿಂತಿತು. ಮತ್ತೆ ಬಂತು, ಈ ಸಲ ಹೆಚ್ಚು ಹೊತ್ತು. ಅತ್ತೆ ಕಣ್ಣು ತೆರೆಯದೆ ಕೇಳಿದಳು.

"ಏನು ಹುಡುಕ್ತಿದೀಯ?"

"ಗುಂಡಿ ಅತ್ತೆ."

"ಸಿಕ್ತಾ?"

"ಇಲ್ಲ."

"ಯಾವ ಬಣ್ಣದ್ದು?"

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು. "ಬಿಳೀದು," ಎಂದಳು.

"ಬಿಳೀದು ಎಲ್ಲಿ ಹೋಗುತ್ತೆ, ಇಲ್ಲೇ ಎಲ್ಲೋ ಇರುತ್ತೆ," ಎಂದಳು ಅತ್ತೆ.

ಸೊಸೆ ಮಿಷನ್ನಿನ ಮುಂದೆ ಕೂತಳು. ಅವಳಿಗೆ ಈಗ ಎಲ್ಲ ತಿಳಿದಿತ್ತು, ಅತ್ತೆಗೆ ತಿಳಿದಿದೆ ಎಂಬುದೂ ತಿಳಿದಿತ್ತು. ಮಧ್ಯಾಹ್ನ ಗಂಡ ಬರುತ್ತಾನೆ. ಇವತ್ತಿನ ಮಾತ್ರೆ ಅತ್ತೆಯ ಹತ್ತಿರವಿದೆ, ನಾಳೆಯದೂ ಅಲ್ಲೇ. ಕೇಳಿದರೆ ಒಪ್ಪಿಕೊಂಡಂತೆ, ಕೇಳದಿದ್ದರೆ ಅವನ ಪಕ್ಕದಲ್ಲಿ ಬರಿಗೈಯಲ್ಲಿ ಮಲಗಿದಂತೆ. ಅವಳು ಒಂದು ರವಿಕೆಯ ತೋಳನ್ನು ಎರಡು ಸಲ ತಿರುವುಮುರುವಾಗಿ ಹೊಲಿದು ಬಿಚ್ಚಿದಳು.

ಹತ್ತು ಗಂಟೆಗೆ ಕಾರ್ಡಕ್ಕ ಬಂದಳು. ಬೀದಿಯಲ್ಲಿ ಮೂರು ಬಾಗಿಲು ಅವಳನ್ನು ಕಂಡು ಮುಚ್ಚಿಕೊಂಡಿದ್ದವು. ಈ ಬಾಗಿಲು ತೆರೆದಿತ್ತು. ಅತ್ತೆ ಸೊಸೆಗೆ, "ಹೊರಗೆ ಹೋಗು. ಇಸ್ತ್ರಿಯವನ ಹತ್ರ ಕೂತಿರು. ನಿಂದು ಯಾರೂ ಕೇಳಿಸ್ಕೊಳ್ಳಲಿಲ್ಲ, ನಂದೂ ಯಾರೂ ಕೇಳಿಸ್ಕೋಬಾರದು," ಎಂದಳು. ಕಾರ್ಡಕ್ಕ ನೆಲ ನೋಡಿದಳು.

ಬಾಗಿಲು ಹಾಕಿದ ಮೇಲೆ ಅತ್ತೆ ಲಕೋಟೆ ಮುಟ್ಟಲಿಲ್ಲ. ಸೊಂಟದಿಂದ ಶೀಶೆ ತೆಗೆದು ನಡುವೆ ಇಟ್ಟಳು.

"ಇದೇನು, ಹೇಳು."

"ಇದು ಯಾರದ್ದು ಅಂತ ನಾನು ಕೇಳಲ್ಲ ಅಮ್ಮ, ನೀವೂ ಹೇಳ್ಬೇಡಿ. ಈ ಮನೇಲಿ ಯಾರು ಏನಂದ್ರು ಅನ್ನೋದು ನನ್ನ ಬಾಯಿಂದ ಬರಲ್ಲ. ಗಂಡ ಕೇಳಿದ್ರೂ ಬರಲ್ಲ, ಅತ್ತೆ ಕೇಳಿದ್ರೂ ಬರಲ್ಲ."

"ಬೇಡ. ನಂಗೆ ಎಣಿಸಕ್ಕೆ ಬರುತ್ತೆ. ಇದು ಕಾಯಿಲೆ ಬಂದೋರು ನುಂಗೋದು ತಾನೆ? ನಾನು ನೋಡಿದೀನಿ."

ಕಾರ್ಡಕ್ಕ ಶೀಶೆಯ ಮೇಲಿನ ಅಕ್ಷರ ಓದಿದಳು. "ಬಂದೋರು ನುಂಗೋದು ಬೇರೆ ಅಮ್ಮ. ಇದು ಇಲ್ಲದೋರಿಗೆ. ರಕ್ತ ನೋಡಿ, ಇಲ್ಲ ಅಂತ ಖಾತ್ರಿ ಆದ್ಮೇಲೇ ಕೊಡೋದು. ಎಷ್ಟು ಜನ ಇದನ್ನ ತಗೊಳ್ತಿದಾರೆ ಅಂತ ತಿಳ್ಕೊಳ್ಳೋಕೇ ನಾನು ಬೀದಿ ಬೀದಿ ಅಲೀತಿರೋದು."

"ಇಲ್ಲದೋರು ಯಾಕೆ ನುಂಗ್ತಾರೆ?"

ಕಾರ್ಡಕ್ಕ ಸುತ್ತ ನೋಡಿದಳು. ಬೆಂಚಿನ ಮೇಲೆ ಕಾಜಾ ಹೊಲಿಯುವಾಗ ಬೆರಳಿಗೆ ತೊಡುವ ಹಿತ್ತಾಳೆಯ ಅಂಗುಸ್ತಾನ ಇತ್ತು. ಸೂಜಿ ನಾಟಿ ನಾಟಿ ಅದರ ತಲೆಯೆಲ್ಲ ಕುಳಿ ಬಿದ್ದಿತ್ತು. "ಇದನ್ನ ಯಾಕೆ ಹಾಕ್ಕೊಳ್ತೀರಿ? ಬೆರಳಿಗೆ ಗಾಯ ಆಗಿದೆ ಅಂತಲಾ?"

ಅತ್ತೆ ಅಂಗುಸ್ತಾನವನ್ನು ನೋಡಿದಳು, ಶೀಶೆಯನ್ನು ನೋಡಿದಳು. "ಹಾಗಾದ್ರೆ ಸೂಜಿ ಯಾರು?" ಎಂದಳು.

"ಆ ಪ್ರಶ್ನೆ ನನ್ನ ಕಾರ್ಡಲ್ಲಿಲ್ಲ ಅಮ್ಮ."

ಇನ್ನೂ ಕೆಲವು ಪ್ರಶ್ನೆಗಳಿದ್ದವು, ಕಾರ್ಡಕ್ಕ ಕೇಳಿದಳು. ನಿಮ್ಮ ರಕ್ತ ಪರೀಕ್ಷೆ ಎಂದಾದರೂ ಆಗಿದೆಯೆ? ಅತ್ತೆ, "ಆಗಿದೆ. ನಮ್ಮವರು ಹೋದ ತಿಂಗಳಲ್ಲೇ. ನಂಗಿಲ್ಲ ಅಂದ್ರು. ಹೇಗೆ ಇಲ್ಲ ಅಂತ ನಾನು ಕೇಳಲಿಲ್ಲ, ದೇವರು ಇಟ್ಟ ಹಾಗೆ," ಎಂದಳು. ಹದಿನೇಳು ವರ್ಷದಲ್ಲಿ ಮನುಷ್ಯರ ಎದುರು ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಕೊನೆಗೆ ಲಕೋಟೆ ಹರಿದರು. ಅವಳ ಕಾರ್ಡಿನಲ್ಲಿ ನಾಲ್ಕೇ ಸಾಲು ಇದ್ದವು. ಅದನ್ನು ಕಂಡು, "ನನ್ನ ಮೇಲೆ ಗುಮಾನಿ ಇಲ್ಲ ಅಂತಾಯ್ತು," ಎಂದು ಅತ್ತೆ ತುಸು ನಕ್ಕಳು.

"ಯಾರ ಮೇಲೂ ಇಲ್ಲ ಅಮ್ಮ. ಅರ್ಧ ಜನಕ್ಕೆ ನಾಲ್ಕು, ಅರ್ಧ ಜನಕ್ಕೆ ಐದು. ಐದು ಸಾಲಿನೋರ ಒಟ್ಟು ಅಂಕಿಯಿಂದ ನಾಲ್ಕು ಸಾಲಿನೋರದ್ದು ಕಳೆದು ನೋಡಿದ್ರೆ ಮಾತ್ರೆ ನುಂಗೋರು ಎಷ್ಟು ಅಂತ ಸಿಗುತ್ತೆ, ಯಾರು ಅಂತ ಸಿಗಲ್ಲ. ಹಾಗಂತ ನಮಗೆ ಹೇಳಿಕೊಟ್ಟಿದ್ರು." ಅವಳು ಚೀಲ ಕಟ್ಟಿದಳು. "ಬೀದಿಯೋರು ಕೂತು ಹೋಲಿಸಿ ನೋಡ್ತಾರೆ ಅಂತ ಹೇಳಿಕೊಟ್ಟೋರಿಗೆ ಹೊಳೀಲಿಲ್ಲ."

ಅವಳು ಹೋದ ಮೇಲೂ ಅತ್ತೆ ಶೀಶೆಯನ್ನು ಡಬ್ಬಿಗೆ ಹಾಕಲಿಲ್ಲ, ಮತ್ತೆ ಸೊಂಟಕ್ಕೇ ಸಿಕ್ಕಿಸಿಕೊಂಡಳು. ತಲೆ ಒಪ್ಪಿದ್ದನ್ನು ಹೆತ್ತ ಹೊಟ್ಟೆ ಅಷ್ಟು ಬೇಗ ಒಪ್ಪುವುದಿಲ್ಲ. ಅದು ಸಾಕ್ಷಿ ಕೇಳುತ್ತದೆ. ಹೊರಗಿನವಳ ಮಾತು ಕೇಳಿ ನನ್ನ ಮಗನನ್ನು ಅನುಮಾನಿಸಲೆ ಎಂದು ಅವಳು ದೇವರನ್ನು ಕೇಳಿದಳು.

ಒಂದು ಗಂಟೆಗೆ ಬೀದಿಯ ತುದಿಯಲ್ಲಿ ಲಾರಿಯ ಹಾರನ್ನು ಕೇಳಿತು. ಮಗ ನಗುತ್ತಲೇ ಒಳಗೆ ಬಂದ.

"ಏನಮ್ಮ, ಇಬ್ಬರೂ ಸಪ್ಪಗಿದೀರಿ? ಮೂಲೇಲಿ ಆ ರೇಡಿಯೋ ಚಿಕ್ಕಮ್ಮ ಸಿಕ್ಕಿದ್ಲು. ಅದೇನೋ ನಾಲ್ಕು ಸಾಲಿನ ಮನೆ, ಐದು ಸಾಲಿನ ಮನೆ ಅಂತಿದ್ಲು. ನಮ್ದು ಎಷ್ಟು ಸಾಲು?" ಅವನು ಹೆಂಡತಿಯ ಕಡೆ ತಿರುಗಿದ. ನಗು ಇನ್ನೂ ಮುಖದ ಮೇಲಿತ್ತು, ಕಣ್ಣಿನಲ್ಲಿ ಇರಲಿಲ್ಲ. "ನೀನೇನಂದೆ?"

ಸೊಸೆಯ ಕಾಲು ಮಿಷನ್ನಿನ ಪೆಡಲಿನ ಮೇಲೆಯೇ ನಿಂತಿತು.

"ನಂದು ನಾಲ್ಕು ಸಾಲು," ಎಂದಳು ಅತ್ತೆ. "ಹೋಗು, ಮೊದಲು ಸ್ನಾನ ಮಾಡು. ಮೈಯೆಲ್ಲ ಡೀಸೆಲ್ ವಾಸನೆ."

ಅವನು ಅಂಗಿ ಬಿಚ್ಚಿ ಬೆಂಚಿನ ಮೇಲೆ ಎಸೆದು ಬಚ್ಚಲಿಗೆ ಹೋದ. ನೀರು ಬೀಳುವ ಸದ್ದು ಶುರುವಾಯಿತು. ಅತ್ತೆ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಮಣಿ ಎಣಿಸುವವಳಂತೆ ಮೇಲಿನಿಂದ ಕೆಳಗೆ ಹೆಬ್ಬೆರಳಾಡಿಸಿದಳು. ಒಂದನೆಯದು, ಎರಡನೆಯದು: ಎರಡು ನೇರ ಗೆರೆ, ಮೂರು ಸುತ್ತು. ಮೂರನೆಯದೂ ಸರಿ. ನಾಲ್ಕನೆಯದರ ಮೇಲೆ ಬೆರಳು ನಿಂತಿತು. ಅಡ್ಡಡ್ಡ ಹಾದ ನೂಲು. ಗಂಟು ಹೊರಗೆ. ಅವಳು ಅದನ್ನು ಬೆಳಕಿಗೆ ಹಿಡಿದಳು. ನೂಲಿನ ತುದಿ ಚಪ್ಪಟೆಯಾಗಿ ಸೀಳಿತ್ತು. ದಾರಿಯ ದರ್ಜಿಯಾಗಿದ್ದರೆ ಕತ್ತರಿಯಿಂದ ಕತ್ತರಿಸುತ್ತಿದ್ದ. ಇದು ಹಲ್ಲಿನಿಂದ ಕಡಿದದ್ದು. ಗಂಟು ಹೊರಗಿದೆ ಎಂದರೆ, ಅಂಗಿ ಮೈಮೇಲಿದ್ದಾಗಲೇ ಹಚ್ಚಿ, ಎದೆಗೆ ಮುಖ ತಂದು ಕಡಿದದ್ದು.

"ಈ ಗುಂಡಿ ಯಾರು ಹಚ್ಚಿದ್ದೋ?" ಎಂದು ಅವಳು ಅಲ್ಲಿಂದಲೇ ಕೇಳಿದಳು.

ಬಚ್ಚಲಿನಲ್ಲಿ ನೀರು ನಿಂತಿತು. "ಯಾವುದು?"

"ನಾಲ್ಕನೇದು."

"ನಾನೇ ಹಚ್ಕೊಂಡೆ ಅಮ್ಮ." ನೀರು ಮತ್ತೆ ಬೀಳತೊಡಗಿತು, ಮೊದಲಿಗಿಂತ ಜೋರಾಗಿ.

ಸೂಜಿಗೆ ನೂಲು ಪೋಣಿಸಲು ಬಾರದ ಮಗ. ಚಿಕ್ಕವನಿದ್ದಾಗಿನಿಂದ ಸೂಜಿ ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದವನು. ಅತ್ತೆ ತಲೆ ಎತ್ತಿದಳು. ಮಿಷನ್ನಿನ ಆಚೆಯಿಂದ ಸೊಸೆ ಅವಳನ್ನೇ ನೋಡುತ್ತಿದ್ದಳು. ಇಬ್ಬರ ನಡುವೆ ಆ ಅಂಗಿ ಇತ್ತು. ಇಂಥ ಗುಂಡಿಯನ್ನು ತನಗಿಂತ ಮೊದಲೇ ಅವಳು ಓದಿದ್ದಾಳೆ, ಓದಿ ನಾಲ್ಕು ತಿಂಗಳು ಒಬ್ಬಳೇ ಇಟ್ಟುಕೊಂಡಿದ್ದಾಳೆ ಎಂಬುದು ಅತ್ತೆಗೆ ಆಗ ತಿಳಿಯಿತು. ತಾನು ಹದಿನೇಳು ವರ್ಷ ಇಟ್ಟುಕೊಂಡಂತೆಯೇ.

ಅವಳು ಮಂಡಿ ಹಿಡಿದು ಎದ್ದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿದಳು. ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಸೊಸೆಯ ಮುಂದೆ ನಿಂತು, ಸೊಂಟದಿಂದ ಶೀಶೆಯನ್ನು ತೆಗೆದಳು.

"ಇವತ್ತಿನದು ಬಾಕಿ ಇದೆ," ಎಂದು ಮೆಲ್ಲಗೆ ಹೇಳಿ, ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.